ತಮ್ಮನಿಗೆ ಪ್ಯಾಂಕ್ರಿಯಾಸ್ ಕಸಿ ಮಾಡಿಸಿದರೆ ಶುಗರ್ ಎಷ್ಟು ವರ್ಷ ದೂರ ಇರುತ್ತೆ?

ಪ್ರಶ್ನೆ: ನನ್ನ ತಮ್ಮನಿಗೆ ಈಗ 29 ವರ್ಷ. 11ನೇ ವಯಸ್ಸಿನಲ್ಲಿ ಟೈಪ್ 1 ಶುಗರ್ ಬಂತು, ಅಂದಿನಿಂದ ಇನ್ಸುಲಿನ್ ಮೇಲೆಯೇ ಇದ್ದಾನೆ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಕಳೆದ ವರ್ಷ ಎರಡೂ ಕಿಡ್ನಿ ಕೆಟ್ಟವು. ಹಾವೇರಿಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೀತಿದೆ. ಒಂದೆರಡು ಸಲ ಶುಗರ್ ಇಳಿದು ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ. ಬೆಂಗಳೂರಿನ ಡಾಕ್ಟರು ಕಿಡ್ನಿ ಜೊತೆಗೆ ಇನ್ಸುಲಿನ್ ಮಾಡುವ ಗ್ರಂಥಿ ಪ್ಯಾಂಕ್ರಿಯಾಸನ್ನೂ ಕಸಿ ಮಾಡಿಸಿ ಎನ್ನುತ್ತಾರೆ. ನೆಂಟರು ಮಾತ್ರ ಅದು ನಾಲ್ಕು ದಿನದ್ದು, ಶುಗರ್ ತಿರುಗಿ ಬಂದೇ ಬರುತ್ತೆ ಅಂತಾರೆ. ನನಗೆ 36 ವರ್ಷ, ಎರಡು ಮಕ್ಕಳಿವೆ. ನನ್ನ ಕಿಡ್ನಿ ಕೊಡಲು ತಯಾರಿದ್ದೇನೆ. ಪ್ಯಾಂಕ್ರಿಯಾಸಿನ ತುಂಡನ್ನೂ ಕೊಡಬಹುದಾ? ಹತ್ತು-ಹದಿನೈದು ವರ್ಷ ಆದ ಮೇಲೆ ಇವನ ಮೈಯಲ್ಲಿ ಏನೇನಾಗುತ್ತೆ, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಅಕ್ಕಾ, ನಿಮ್ಮ ನೆಂಟರ ಮಾತು ಸರಿಯಲ್ಲ. ಇದು ನಾಲ್ಕು ದಿನದ್ದಲ್ಲ. ಹಾಗಂತ ಒಮ್ಮೆ ಮಾಡಿಸಿದರೆ ಜೀವನಪೂರ್ತಿ ಚಿಂತೆ ಇಲ್ಲ ಅಂತಲೂ ಅಲ್ಲ. ಕಿಡ್ನಿ ಮತ್ತು ಪ್ಯಾಂಕ್ರಿಯಾಸ್ ಎರಡನ್ನೂ ಒಂದೇ ದಾನಿಯಿಂದ ಒಟ್ಟಿಗೆ ಹಾಕಿಸಿಕೊಂಡವರ ಲೆಕ್ಕ ಅಮೆರಿಕದಲ್ಲಿ ಹಲವು ದಶಕಗಳಿಂದ ಇಟ್ಟಿದ್ದಾರೆ. ಅದರ ಪ್ರಕಾರ ಒಂದು ವರ್ಷದ ಕೊನೆಗೆ ನೂರರಲ್ಲಿ ಸುಮಾರು 85ರಿಂದ 90 ಜನರ ಪ್ಯಾಂಕ್ರಿಯಾಸ್ ಕೆಲಸ ಮಾಡುತ್ತಿರುತ್ತದೆ. ಐದು ವರ್ಷಕ್ಕೆ ಸುಮಾರು 70ರಿಂದ 75. ಹತ್ತು ವರ್ಷಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ನಿಮ್ಮ ತಮ್ಮನಿಗೆ 39 ಆಗುವ ಹೊತ್ತಿಗೂ ಸೂಜಿ ಇಲ್ಲದೆ ಇರುವ ಅವಕಾಶ ಅರ್ಧಕ್ಕಿಂತ ಮೇಲಿದೆ. ಇಪ್ಪತ್ತು ವರ್ಷ ದಾಟಿದವರೂ ಇದ್ದಾರೆ.

ಆದರೆ ಈ ಅಂಕಿಯನ್ನೇ ಹಿಡಿದು ಕೂತರೆ ಮುಖ್ಯವಾದದ್ದು ಕೈತಪ್ಪುತ್ತದೆ. ನಿಮ್ಮ ತಮ್ಮ ಹೊಸ ಕಿಡ್ನಿ ಉಳಿಸಿಕೊಳ್ಳಲು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ಹೇಗೂ ಜೀವನಪೂರ್ತಿ ತೊಗೋಬೇಕು. ಪ್ಯಾಂಕ್ರಿಯಾಸ್ ಸೇರಿಸಿದರೆ ಆ ಮಾತ್ರೆ ಬಹಳ ಹೆಚ್ಚಾಗುವುದಿಲ್ಲ. ಹೆಚ್ಚಾಗುವುದು ಆಪರೇಶನ್ನಿನ ಅಪಾಯ. ಕಿಡ್ನಿ ಚೆನ್ನಾಗಿರುವ ಟೈಪ್ 1 ಹುಡುಗನೊಬ್ಬ ಬಂದು ಇನ್ಸುಲಿನ್ ಬೇಜಾರಾಗಿದೆ, ಪ್ಯಾಂಕ್ರಿಯಾಸ್ ಹಾಕಿಸಿ ಅಂದರೆ ಸಾಮಾನ್ಯವಾಗಿ ನಾನು ಬೇಡ ಅಂತೇನೆ. ಸೂಜಿ ಬಿಡಿಸಲು ಹೋಗಿ ಅಷ್ಟು ಕಠಿಣ ಮಾತ್ರೆ ಗಂಟು ಹಾಕಿದ ಹಾಗಾಗುತ್ತದೆ. ಶುಗರ್ ಇಳಿದದ್ದು ಗೊತ್ತೇ ಆಗದೆ ಪದೇಪದೇ ಬಿದ್ದು ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಬರೀ ಪ್ಯಾಂಕ್ರಿಯಾಸ್ ಕಸಿಯ ಮಾತು ಬರುತ್ತದೆ. ನಿಮ್ಮ ತಮ್ಮನ ವಿಷಯ ಹಾಗಲ್ಲ. ಅವನ ತಕ್ಕಡಿ ಬೇರೆ. ಅದಕ್ಕೇ ಬೆಂಗಳೂರಿನವರು ಹೇಳಿದ್ದು ನನಗೆ ಸರಿ ಅನಿಸುತ್ತದೆ.

ಈಗ ಆಪರೇಶನ್ನಿನಲ್ಲಿ ಏನು ಮಾಡುತ್ತಾರೆ ಅನ್ನುವುದನ್ನು ಚುಟುಕಾಗಿ ನೋಡೋಣ. ಅವನ ಹಳೇ ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಇದ್ದಲ್ಲೇ ಇರುತ್ತದೆ, ತೆಗೆಯುವುದಿಲ್ಲ. ಅದು ಊಟ ಅರಗಿಸುವ ರಸವನ್ನು ಈಗಲೂ ಕೊಡುತ್ತಿದೆ, ನಿಂತಿರುವುದು ಇನ್ಸುಲಿನ್ ಮಾತ್ರ. ಹೊಸದನ್ನು ಮೆದುಳು ನಿಷ್ಕ್ರಿಯವಾದ ದಾನಿಯಿಂದ ಸಣ್ಣ ಕರುಳಿನ ಒಂದು ತುಂಡಿನ ಸಮೇತ ತಂದು, ಸಾಮಾನ್ಯವಾಗಿ ಹೊಟ್ಟೆಯ ಕೆಳಗೆ ಬಲಗಡೆ ಕೂಡಿಸುತ್ತಾರೆ. ಕಿಡ್ನಿ ಎಡಗಡೆ. ಹೊಸ ಪ್ಯಾಂಕ್ರಿಯಾಸ್ ರಕ್ತ ಹರಿದ ಕೆಲವೇ ತಾಸಿನಲ್ಲಿ ಇನ್ಸುಲಿನ್ ಸುರಿಸಲು ಶುರು ಮಾಡುತ್ತದೆ. 1966ರ ಡಿಸೆಂಬರ್ 17ರಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೆಲ್ಲಿ, ರಿಚರ್ಡ್ ಲಿಲ್ಲೆಹೈ ಎಂಬ ಸರ್ಜನ್‌ಗಳು 28 ವರ್ಷದ ಹೆಣ್ಣುಮಗಳಿಗೆ ಜಗತ್ತಿನ ಮೊದಲ ಪ್ಯಾಂಕ್ರಿಯಾಸ್ ಕಸಿ ಮಾಡಿದಾಗಲೂ ಹೀಗೇ ಆಯಿತು, ಕೆಲವು ದಿನ ಇನ್ಸುಲಿನ್ ಸೂಜಿ ನಿಂತಿತು. ಆಕೆ ಮೂರು ತಿಂಗಳಷ್ಟೇ ಬದುಕಿದರು. ಸೋತದ್ದು ಆಪರೇಶನ್ ನಂತರದ ತೊಡಕುಗಳಲ್ಲಿ. ಇವತ್ತಿಗೂ ಅಪಾಯದ ಕಾಲ ಅದೇ, ಮೊದಲ ಕೆಲವು ವಾರ. ಹೊಸ ಗ್ರಂಥಿಯ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು, ಕರುಳಿನ ಹೊಲಿಗೆ ಸೋರಬಹುದು, ಒಳಗೆ ಕೀವು ಆಗಬಹುದು. ಅಂಥ ಸಂದರ್ಭದಲ್ಲಿ ಮತ್ತೆ ಹೊಟ್ಟೆ ತೆರೆಯಬೇಕಾಗುತ್ತದೆ, ಕೆಲವರಲ್ಲಿ ಹಾಕಿದ ಪ್ಯಾಂಕ್ರಿಯಾಸನ್ನೇ ತೆಗೆಯಬೇಕಾಗುತ್ತದೆ. ಇದನ್ನು ಕೇಳಿ ಹೆದರಿ ಅಂತ ಹೇಳುತ್ತಿಲ್ಲ. ಆದರೆ ಸಹಿ ಹಾಕುವ ಮುಂಚೆ ಮನೆಯವರೆಲ್ಲರಿಗೂ ಇದು ಗೊತ್ತಿರಬೇಕು.

ಆ ಗಂಡಾಂತರ ದಾಟಿದವರ ಮೈಯಲ್ಲಿ ಮುಂದೆ ಏನಾಗುತ್ತದೆ ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ.

ಮೊದಲು ಶುಗರ್. ಗ್ರಂಥಿ ಚೆನ್ನಾಗಿ ನಡೆಯುತ್ತಿರುವಷ್ಟು ಕಾಲ ಖಾಲಿ ಹೊಟ್ಟೆಯ ಶುಗರ್, ಊಟದ ನಂತರದ್ದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಎಲ್ಲವೂ ಶುಗರ್ ಇಲ್ಲದವರ ಹಾಗೆ ಬರುತ್ತವೆ. ಎಚ್‌ಬಿಎ1ಸಿ ಸಾಮಾನ್ಯವಾಗಿ 5.5ರ ಆಸುಪಾಸು. ಇದನ್ನು ಇನ್ಸುಲಿನ್ನಿಂದ ಸಾಧಿಸಲು ಹೊರಟರೆ ಏನಾಗುತ್ತೆ ನೋಡ್ರಿ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಡಿಸಿಸಿಟಿ ಅಂತ ದೊಡ್ಡ ಅಧ್ಯಯನ ನಡೆಯಿತು. ದಿನಕ್ಕೆ ಹಲವು ಸೂಜಿ ಅಥವಾ ಪಂಪ್, ಪದೇಪದೇ ರಕ್ತ ಪರೀಕ್ಷೆ, ಬಿಡದೆ ಬೆನ್ನುಹತ್ತುವ ಡಾಕ್ಟರು, ಇಷ್ಟೆಲ್ಲ ಇದ್ದೂ ಎಚ್‌ಬಿಎ1ಸಿ 7ರ ಹತ್ತಿರ ಬಂದು ನಿಂತಿತು. ಕಣ್ಣು ಕಿಡ್ನಿಗೆ ದೊಡ್ಡ ಲಾಭ ಆಯಿತು ನಿಜ, ಆದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ಸುಮಾರು ಮೂರು ಪಟ್ಟಾಯಿತು. ಕಸಿಯಾದವರಿಗೆ 5.5 ಸಿಗುವುದು ಲೆಕ್ಕ ಹಾಕದೆ, ಬೀಳದೆ. ಜೋಳದ ರೊಟ್ಟಿ ಎರಡೋ ಮೂರೋ ಅಂತ ಎಣಿಸಿ ಯೂನಿಟ್ ಕೂಡಿಸುವ ಕೆಲಸ ನಿಲ್ಲುತ್ತದೆ.

ಬೀಳದೆ ಅಂದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಬಹಳ ವರ್ಷ ಟೈಪ್ 1 ಇದ್ದವರಲ್ಲಿ ಶುಗರ್ ಇಳಿದಾಗ ಎತ್ತಿ ಹಿಡಿಯಬೇಕಾದ ಗ್ಲುಕಗಾನ್ ಎಂಬ ಹಾರ್ಮೋನ್ ಸರಿಯಾಗಿ ಬರುವುದಿಲ್ಲ. ಬೆವರು, ನಡುಕ, ಎದೆಬಡಿತ ಅನ್ನುವ ಮುನ್ಸೂಚನೆಗಳೂ ಮಂಕಾಗುತ್ತವೆ. ಅದರ ಮೇಲೆ ಕಿಡ್ನಿ ಹೋದರೆ ಚುಚ್ಚಿದ ಇನ್ಸುಲಿನ್ ಬೇಗ ಕರಗದೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಹಳೇ ಡೋಸನ್ನೇ ಮುಂದುವರಿಸಿ, ಖುರ್ಚಿಯಲ್ಲಿ ಮಲಗಿದ್ದವರು ಮೂರನೇ ತಾಸಿಗೆ ಮಾತು ತೊದಲಿ, ನರ್ಸ್ ಬೆರಳು ಚುಚ್ಚಿ ನೋಡಿದರೆ 42 ಅಂತ ತೋರಿಸುವುದು ನಮ್ಮಲ್ಲಿ ಅಪರೂಪವೇನಲ್ಲ. ಹೊಸ ಪ್ಯಾಂಕ್ರಿಯಾಸ್ ಬಂದರೆ ಇನ್ಸುಲಿನ್ ಜೊತೆಗೆ ಗ್ಲುಕಗಾನ್ ಕೂಡ ಬರುತ್ತದೆ. ಶುಗರ್ ಇಳಿಯತೊಡಗಿದರೆ ಗ್ರಂಥಿ ತಾನೇ ಇನ್ಸುಲಿನ್ ತಡೆಯುತ್ತದೆ. ರಾತ್ರಿ ಮಗ ಉಸಿರಾಡುತ್ತಿದ್ದಾನಾ ಅಂತ ಎದ್ದೆದ್ದು ನೋಡುವ ತಾಯಂದಿರಿಗೆ ಈ ಆಪರೇಶನ್ನಿನ ಅತಿ ದೊಡ್ಡ ಲಾಭ ಇದೇ ಅಂತ ನಾನು ನಂಬಿದ್ದೇನೆ. ಎಚ್‌ಬಿಎ1ಸಿ ಲಾಭ ಆಮೇಲಿನದು.

ಒಂದು ವಿಷಯ ವರದಿಯಲ್ಲಿ ನೋಡಿ ಗಾಬರಿ ಆಗಬೇಡಿ. ನಮ್ಮ ಸ್ವಂತ ಪ್ಯಾಂಕ್ರಿಯಾಸಿನ ಇನ್ಸುಲಿನ್ ಮೊದಲು ಲಿವರಿಗೆ ಹೋಗುತ್ತದೆ, ಅರ್ಧದಷ್ಟು ಅಲ್ಲೇ ಖರ್ಚಾಗುತ್ತದೆ. ಕಸಿ ಮಾಡಿದ್ದನ್ನು ಹೆಚ್ಚಿನ ಕಡೆ ಕಾಲಿನಿಂದ ಹೃದಯದ ಕಡೆಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಕ್ಕೆ ಜೋಡಿಸುತ್ತಾರೆ, ಹಾಗಾಗಿ ಇನ್ಸುಲಿನ್ ನೇರ ಮೈಗೆಲ್ಲ ಹರಡುತ್ತದೆ. ರಕ್ತದಲ್ಲಿ ಇನ್ಸುಲಿನ್ ಮಟ್ಟ ಮಾಮೂಲಿಗಿಂತ ಜಾಸ್ತಿ ಕಾಣುತ್ತದೆ. ಲಿವರಿನ ನಾಳಕ್ಕೇ ಜೋಡಿಸುವ ಪದ್ಧತಿಯೂ ಇದೆ, ಆದರೆ ದೀರ್ಘ ಕಾಲದಲ್ಲಿ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಕಿಡ್ನಿಯ ಮೇಲೆ ಏನು ಪರಿಣಾಮ? ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಧ್ಯಯನ ಇದೆ. 1998ರಲ್ಲಿ ಪ್ರಕಟವಾಯಿತು, ಫಿಯೊರೆಟ್ಟೊ ಮತ್ತು ಸಂಗಡಿಗರದ್ದು. ಬರೀ ಪ್ಯಾಂಕ್ರಿಯಾಸ್ ಕಸಿಯಾದ ಎಂಟು ಜನ, ಕಿಡ್ನಿ ಅವರವರದ್ದೇ, ಶುಗರಿನಿಂದ ಸ್ವಲ್ಪ ಪೆಟ್ಟು ತಿಂದದ್ದು. ಕಸಿಯ ಮುಂಚೆ, ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ಕಿಡ್ನಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಐದು ವರ್ಷಕ್ಕೆ ಏನೂ ಸುಧಾರಣೆ ಇಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಶುಗರ್ ಸರಿ ಮಾಡಿದರೂ ಕಿಡ್ನಿ ಸುಧಾರಿಸಲ್ಲ ಅಂತ ಬರೆದುಬಿಡುತ್ತಿದ್ದರು. ಹತ್ತು ವರ್ಷಕ್ಕೆ ನೋಡಿದರೆ ದಪ್ಪಗಾಗಿದ್ದ ಪೊರೆ ತೆಳ್ಳಗಾಗಿತ್ತು, ಜಿಡ್ಡುಗಟ್ಟಿದ ಭಾಗ ಕರಗಿತ್ತು. ಹದಿನೆಂಟು ವರ್ಷದ ಶುಗರ್ ಮಾಡಿದ ಗಾಯ ಆರು ತಿಂಗಳಲ್ಲಿ ಮಾಯುವುದಿಲ್ಲ, ಅಲ್ವಾ? ನಿಮ್ಮ ತಮ್ಮನ ಹಳೇ ಕಿಡ್ನಿ ಇದರಿಂದ ಎದ್ದು ಕೂರುವುದಿಲ್ಲ, ಅದು ಮುಗಿದ ಕಥೆ. ಆದರೆ ಹೊಸದಾಗಿ ಹಾಕಿದ ಕಿಡ್ನಿಗೆ ಮತ್ತೆ ಅದೇ ಶುಗರಿನ ಪೆಟ್ಟು ಬೀಳದಂತೆ ಪ್ಯಾಂಕ್ರಿಯಾಸ್ ಕಾಯುತ್ತದೆ.

ಕಣ್ಣಿನ ವಿಷಯದಲ್ಲಿ ಸ್ವಲ್ಪ ಜಾಗ್ರತೆ ಬೇಕು. ವರ್ಷಗಟ್ಟಲೆ ಏರಿದ್ದ ಶುಗರ್ ಒಮ್ಮೆಲೇ ಇಳಿದರೆ ಮೊದಲ ತಿಂಗಳುಗಳಲ್ಲಿ ರೆಟಿನಾ, ಅಂದರೆ ಕಣ್ಣಿನ ಒಳಗಿನ ಪರದೆ, ಕೆಡಬಹುದು. ಅದಕ್ಕೇ ಆಪರೇಶನ್ನಿಗೆ ಮುಂಚೆಯೇ ರೆಟಿನಾ ಡಾಕ್ಟರಿಗೆ ತೋರಿಸಿ, ಲೇಸರ್ ಬೇಕಿದ್ದರೆ ಮುಗಿಸಿಕೊಳ್ಳಬೇಕು. ಮೂರು ವರ್ಷ ಕಳೆದ ಮೇಲೆ ಹೆಚ್ಚಿನವರ ಕಣ್ಣು ಸ್ಥಿರವಾಗುತ್ತದೆ. ನರಗಳು ನಿಧಾನಕ್ಕೆ ಸುಧಾರಿಸುತ್ತವೆ, ಅಳೆದು ನೋಡಿದಾಗ ಸಂದೇಶ ಸಾಗುವ ವೇಗ ಹೆಚ್ಚಿರುವುದು ಕಂಡಿದೆ, ಆದರೆ ಪಾದ ಪೂರ್ತಿ ಜೋಮು ಹಿಡಿದಿದ್ದರೆ ಮೊದಲಿನ ಹಾಗೆ ಆಗುವ ಆಸೆ ಇಟ್ಟುಕೊಳ್ಳಬೇಡಿ. ಬರಿಗಾಲಲ್ಲಿ ಓಡಾಡಬಾರದು ಅನ್ನುವ ನಿಯಮ ಕಸಿಯಾದ ಮೇಲೂ ಇರುತ್ತದೆ.

ಹೃದಯ. ಕಸಿಯಾದ ಟೈಪ್ 1 ರೋಗಿಗಳನ್ನು ಮುಂದೆ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದರಲ್ಲಿ ಇದೂ ಒಂದು. ಎದೆನೋವೇ ಇಲ್ಲದೆ ರಕ್ತನಾಳ ಕಟ್ಟಿಕೊಂಡಿರಬಹುದು, ನರ ಕೆಟ್ಟಿರುವುದರಿಂದ ನೋವು ಗೊತ್ತಾಗುವುದಿಲ್ಲ. ವಯಸ್ಸು 29 ಅಂತ ಸುಮ್ನೆ ಬಿಡಬೇಡಿ. ಆಪರೇಶನ್ನಿಗೆ ಮುಂಚೆ ಹೃದಯದ ಪೂರ್ತಿ ತಪಾಸಣೆ ಕೇಳಿ ಮಾಡಿಸಿಕೊಳ್ಳಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿಸಿ.

ಈಗ ನಿಮ್ಮ ನೆಂಟರ ಮಾತಿಗೆ ಬರೋಣ. ಶುಗರ್ ತಿರುಗಿ ಬರುವುದಾದರೆ ಅದಕ್ಕೆ ಮೂರು ದಾರಿ ಇವೆ, ಮೂರೂ ಬೇರೆ ಬೇರೆ.

ಒಂದು, ರಿಜೆಕ್ಷನ್. ಮೈ ಹೊಸ ಅಂಗವನ್ನು ಹೊರಗಿನದು ಅಂತ ಗುರುತಿಸಿ ತಿನ್ನಲು ಶುರು ಮಾಡುತ್ತದೆ. ಬರೀ ಪ್ಯಾಂಕ್ರಿಯಾಸ್ ಹಾಕಿದವರಲ್ಲಿ ಇದನ್ನು ಹಿಡಿಯುವುದು ಕಷ್ಟ, ಯಾಕಂದರೆ ಶುಗರ್ ಏರುವ ಹೊತ್ತಿಗೆ ಬಹಳಷ್ಟು ನಷ್ಟ ಆಗಿಹೋಗಿರುತ್ತದೆ. ಒಂದೇ ದಾನಿಯ ಕಿಡ್ನಿಯೂ ಇದ್ದರೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮೊದಲೇ ಏರಿ ಸುಳಿವು ಕೊಡುತ್ತದೆ, ಒಂದಕ್ಕೆ ಚಿಕಿತ್ಸೆ ಕೊಟ್ಟರೆ ಎರಡೂ ಉಳಿಯುತ್ತವೆ. ಎರಡನ್ನೂ ಒಟ್ಟಿಗೆ ಹಾಕಿದವರ ಫಲಿತಾಂಶ ಚೆನ್ನಾಗಿರುವುದಕ್ಕೆ ಇದೊಂದು ದೊಡ್ಡ ಕಾರಣ. ಪ್ಯಾಂಕ್ರಿಯಾಸಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಲೈಪೇಸ್, ಅಮೈಲೇಸ್ ಪರೀಕ್ಷೆಗಳನ್ನೂ ಇದಕ್ಕೇ ಮಾಡಿಸುತ್ತಾರೆ.

ಎರಡು, ಅದೇ ಹಳೇ ಟೈಪ್ 1 ಮರಳುವುದು. ಮಿನ್ನೆಸೋಟದಲ್ಲೇ ಅವಳಿಗಳ ನಡುವೆ ಕಸಿ ಮಾಡಿದ್ದರು. ಒಬ್ಬರಿಗೆ ಟೈಪ್ 1, ಒಬ್ಬರಿಗೆ ಇಲ್ಲ, ತದ್ರೂಪಿ ಅವಳಿಗಳು. ಶುಗರ್ ಇಲ್ಲದವರು ಅರ್ಧ ಪ್ಯಾಂಕ್ರಿಯಾಸ್ ಕೊಟ್ಟರು. ಮೈ ಎರಡೂ ಒಂದೇ ತರಹ, ಹಾಗಾಗಿ ರಿಜೆಕ್ಷನ್ ಆಗಲ್ಲ ಅಂತ ಮೊದಲ ಕೆಲವರಿಗೆ ಮಾತ್ರೆ ಕೊಡಲಿಲ್ಲ. ಅಂಗ ರಿಜೆಕ್ಟ್ ಆಗಲಿಲ್ಲ ನಿಜ. ಆದರೆ ಕೆಲವೇ ವಾರಗಳಲ್ಲಿ ಶುಗರ್ ಮರಳಿತು. ತೆಗೆದು ನೋಡಿದರೆ ಇನ್ಸುಲಿನ್ ಮಾಡುವ ಬೀಟಾ ಕಣಗಳನ್ನಷ್ಟೇ ಆರಿಸಿ ಕೊಂದಿತ್ತು ಮೈಯ ರಕ್ಷಣಾ ಪಡೆ. ಹಳೇ ವೈರಿ ಮನೆ ಬದಲಿಸಿದರೂ ಗುರುತು ಹಿಡಿದು ಬಾಗಿಲು ತಟ್ಟಿದ ಹಾಗೆ, ವರ್ಷಗಳ ಹಿಂದಿನ ನೆನಪು ಹೋಗಿರಲಿಲ್ಲ. ಟೈಪ್ 1 ಅಂದರೆ ಬರೀ ಗ್ರಂಥಿಯ ರೋಗವಲ್ಲ ಅನ್ನುವುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ. ಮಾತ್ರೆ ತಪ್ಪದೆ ತೊಗೊಳ್ಳುವವರಲ್ಲಿ ಹೀಗಾಗುವುದು ಕಡಿಮೆ, ಆದರೂ ಕೆಲವರಲ್ಲಿ ಐದು ಹತ್ತು ವರ್ಷ ಆದ ಮೇಲೆ ಬೀಟಾ ಕಣಗಳನ್ನು ಗುರಿ ಮಾಡುವ ಜಿಎಡಿ, ಜಿಂಕ್ ಟ್ರಾನ್ಸ್‌ಪೋರ್ಟರ್ ಅನ್ನುವ ಆಂಟಿಬಾಡಿಗಳು ಮತ್ತೆ ಏರಿ, ಕಿಡ್ನಿ ಚೆನ್ನಾಗಿದ್ದರೂ ಶುಗರ್ ಮಾತ್ರ ಕೆಡುತ್ತದೆ.

ಮೂರನೆಯದು ನಮ್ಮ ಕಡೆ ಹೆಚ್ಚು ಲಕ್ಷ್ಯ ಕೊಡಬೇಕಾದದ್ದು. ಗ್ರಂಥಿ ಕೆಲಸ ಮಾಡುತ್ತಿದೆ, ಇನ್ಸುಲಿನ್ ಬರುತ್ತಿದೆ, ಆದರೆ ಸಾಲುತ್ತಿಲ್ಲ. ಸ್ಟೀರಾಯ್ಡ್ ಮಾತ್ರೆ ಇನ್ಸುಲಿನ್ನಿನ ಬಲ ಕುಗ್ಗಿಸುತ್ತದೆ. ರಿಜೆಕ್ಷನ್ ತಡೆಯುವ ಮುಖ್ಯ ಮಾತ್ರೆ ಟ್ಯಾಕ್ರೋಲಿಮಸ್ ಬೀಟಾ ಕಣಗಳಿಗೇ ಸ್ವಲ್ಪ ವಿಷ. ಜೊತೆಗೆ ಹಸಿವು ತೆರೆಯುತ್ತದೆ, ಹದಿನೆಂಟು ವರ್ಷ ಕಟ್ಟಿಹಾಕಿದ್ದ ನಾಲಿಗೆಗೆ ಪೇಡಾ, ಮಿರ್ಚಿ ಭಜಿ, ಗಿರ್ಮಿಟ್ ಎಲ್ಲ ಒಮ್ಮೆಲೇ ಸಿಗುತ್ತದೆ, ಎರಡು ವರ್ಷದಲ್ಲಿ ಹತ್ತು ಕಿಲೋ ಏರುತ್ತಾರೆ. ಆಗ ಬರುವುದು ಟೈಪ್ 2 ತರಹದ ಶುಗರ್. ಇದು ತೂಕ ಇಳಿಸಿ, ಮಾತ್ರೆ ಹೊಂದಿಸಿ, ಕಿಡ್ನಿ ಒಪ್ಪಿದರೆ ಮೆಟ್‌ಫಾರ್ಮಿನ್ ಕೊಟ್ಟು ಹಿಡಿತಕ್ಕೆ ತರಬಹುದಾದದ್ದು. ಹುಡುಗನಿಗೆ ತಿನ್ನಬೇಡ ಅಂತ ನಾನು ಹೇಳುವುದಿಲ್ಲ. ಹಬ್ಬಕ್ಕೆ ಹೋಳಿಗೆ ತಿನ್ನಲಿ, ಖುಷಿಯಾಗಿ ತಿನ್ನಲಿ. ತೂಕ ಮಾತ್ರ ತಿಂಗಳಿಗೊಮ್ಮೆ ಬರೆದಿಡಲಿ.

ಈ ಮೂರರಲ್ಲಿ ಯಾವುದು ಅಂತ ತಿಳಿಯಲು ಸಿ-ಪೆಪ್ಟೈಡ್ ಅನ್ನುವ ರಕ್ತ ಪರೀಕ್ಷೆ ದೊಡ್ಡ ಸಹಾಯ. ಮೈ ಸ್ವಂತ ಇನ್ಸುಲಿನ್ ಮಾಡುವಾಗ ಅದರ ಜೊತೆಗೇ ಹುಟ್ಟುವ ವಸ್ತು ಇದು, ಸೂಜಿಯ ಇನ್ಸುಲಿನ್ನಿನಲ್ಲಿ ಇರುವುದಿಲ್ಲ. ನಿಮ್ಮ ತಮ್ಮನದು ಈಗ ಸೊನ್ನೆಯ ಹತ್ತಿರ ಇರುತ್ತದೆ. ಕಸಿಯಾದ ಮೇಲೆ ಏರುತ್ತದೆ. ಮುಂದೊಂದು ದಿನ ಶುಗರ್ 200 ಬಂದು, ಸಿ-ಪೆಪ್ಟೈಡ್ ಚೆನ್ನಾಗಿಯೇ ಇದ್ದರೆ ಮೂರನೇ ದಾರಿ. ಸಿ-ಪೆಪ್ಟೈಡ್ ಕುಸಿಯುತ್ತಿದ್ದರೆ ಮೊದಲನೆಯದೋ ಎರಡನೆಯದೋ ನೋಡಬೇಕು. ಇನ್ನೊಂದು ಮಾತು, ಗ್ರಂಥಿ ಅರ್ಧಂಬರ್ಧ ಉಳಿದು ಸ್ವಲ್ಪ ಇನ್ಸುಲಿನ್ ಸೂಜಿ ಬೇಕಾದರೂ ಅದು ಪೂರ್ತಿ ಸೋಲಲ್ಲ. ಆ ಉಳಿದ ಸ್ವಲ್ಪ ಸಿ-ಪೆಪ್ಟೈಡ್ ಇದ್ದವರಲ್ಲಿ ಶುಗರ್ ಹುಚ್ಚಾಪಟ್ಟೆ ಏರಿಳಿಯುವುದು, ಬೀಳುವುದು ಬಹಳ ಕಡಿಮೆ.

ಇನ್ನು ನಿಮ್ಮ ಕಿಡ್ನಿಯ ಪ್ರಶ್ನೆ. ಅಕ್ಕ-ತಮ್ಮ ಕಾನೂನಿನ ಕಣ್ಣಲ್ಲಿ ಹತ್ತಿರದ ಸಂಬಂಧ, ಕೊಡಬಹುದು. ನಿಜವಾದ ಪೀಕಲಾಟ ಇರುವುದು ಇಲ್ಲಿ. ಮೃತ ದಾನಿಯ ಕಿಡ್ನಿ, ಪ್ಯಾಂಕ್ರಿಯಾಸ್ ಎರಡಕ್ಕೂ ಕಾಯುವುದಾ, ಅಥವಾ ನಿಮ್ಮ ಕಿಡ್ನಿ ಈಗಲೇ ಹಾಕಿಸಿ ಪ್ಯಾಂಕ್ರಿಯಾಸ್ ಆಮೇಲೆ ನೋಡುವುದಾ? ಡಯಾಲಿಸಿಸ್ ಮೇಲಿರುವ ಶುಗರ್ ರೋಗಿಗಳಲ್ಲಿ ಐದು ವರ್ಷ ದಾಟುವವರು ಅಮೆರಿಕದಂಥ ದೇಶದಲ್ಲೂ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಕಾಯುವ ಪ್ರತಿ ವರ್ಷಕ್ಕೂ ಬೆಲೆ ಇದೆ. ಜೀವಂತ ದಾನಿಯ ಕಿಡ್ನಿ ಪಡೆದವರು ಮತ್ತು ಎರಡನ್ನೂ ಒಟ್ಟಿಗೆ ಪಡೆದವರನ್ನು ಹೋಲಿಸಿದಾಗ ಮೊದಲ ಹತ್ತು ವರ್ಷ ಬದುಕುವ ಲೆಕ್ಕ ಹೆಚ್ಚುಕಡಿಮೆ ಸಮ. ಆಮೇಲೆ ಪ್ಯಾಂಕ್ರಿಯಾಸ್ ಇದ್ದವರು ಮುಂದೆ ಹೋಗುತ್ತಾರೆ. 29ರ ಹುಡುಗನಿಗೆ ಹತ್ತು ವರ್ಷದ ಆಚೆಗಿನದೇ ಮುಖ್ಯ ಅಲ್ವಾ.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ ಮಾಡಿ. ಎರಡೂ ಅಂಗಕ್ಕೆ ಇವತ್ತೇ ಹೆಸರು ನೋಂದಾಯಿಸಿ. ನಮ್ಮ ರಾಜ್ಯದಲ್ಲಿ ಮೃತ ದಾನಿಗಳ ಅಂಗ ಹಂಚುವುದು ಜೀವಸಾರ್ಥಕತೆ ಸಂಸ್ಥೆ, ಕಸಿ ಮಾಡುವ ಆಸ್ಪತ್ರೆಯ ಮೂಲಕವೇ ನೋಂದಣಿ ಆಗುತ್ತದೆ. ಅದೇ ಹೊತ್ತಿಗೆ ನಿಮ್ಮ ತಪಾಸಣೆಯನ್ನೂ ಶುರು ಮಾಡಿ, ಸುಮ್ನೆ ಕೂರಬೇಡಿ. ಅವನ ರಕ್ತದ ಗುಂಪಿಗೆ ಸರದಿ ಎಷ್ಟು ಉದ್ದ ಇದೆ, ಆ ಆಸ್ಪತ್ರೆ ಕಳೆದ ವರ್ಷ ನಿಜವಾಗಿ ಎಷ್ಟು ಪ್ಯಾಂಕ್ರಿಯಾಸ್ ಹಾಕಿದೆ ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳಬಾರದು. ನಮ್ಮ ದೇಶದಲ್ಲಿ ಇದನ್ನು ಮಾಡುವ ಕಡೆಗಳೇ ಕಡಿಮೆ. ಚಂಡೀಗಢದ ಪಿಜಿಐ, ಕೊಚ್ಚಿಯ ಅಮೃತಾ ಆಸ್ಪತ್ರೆಗಳು ಹಲವು ವರ್ಷಗಳಿಂದ ಮಾಡುತ್ತ ಬಂದಿವೆ. ಪ್ಯಾಂಕ್ರಿಯಾಸ್ ಬಹಳ ನಾಜೂಕಿನ ಅಂಗ, ಎಲ್ಲ ದಾನಿಯಿಂದಲೂ ಸಿಗುವುದಿಲ್ಲ, ದಪ್ಪಗಿರುವವರದ್ದು, ವಯಸ್ಸಾದವರದ್ದು ತೊಗೊಳ್ಳುವುದಿಲ್ಲ. ಸರದಿ ಬೇಗ ಬರುವ ಲಕ್ಷಣ ಇಲ್ಲದಿದ್ದರೆ, ಅಥವಾ ಡಯಾಲಿಸಿಸ್ಸಿನಲ್ಲಿ ಅವನು ಸೊರಗುತ್ತಿದ್ದರೆ, ನಿಮ್ಮ ಕಿಡ್ನಿ ಮೊದಲು ಹಾಕಿಸಿ. ಪ್ಯಾಂಕ್ರಿಯಾಸ್ ಆಮೇಲೆ ಬೇರೆ ಆಪರೇಶನ್ನಿನಲ್ಲಿ ಹಾಕಬಹುದು. ಆ ರೀತಿ ಹಾಕಿದ್ದು ಒಟ್ಟಿಗೆ ಹಾಕಿದಷ್ಟು ವರ್ಷ ಬಾಳುವುದಿಲ್ಲ ಅನ್ನುವುದು ನಿಜ, ಆದರೆ ಜೀವ ಉಳಿಸುವುದು ಮೊದಲು ಕಿಡ್ನಿ.

ಪ್ಯಾಂಕ್ರಿಯಾಸಿನ ತುಂಡು ನೀವು ಕೊಡುವುದು ಬೇಡ. ಮಿನ್ನೆಸೋಟದಲ್ಲಿ 1979ರಿಂದ ಜೀವಂತ ದಾನಿಗಳಿಂದ ಅರ್ಧ ಭಾಗ ತೆಗೆದು ಹಾಕಿದ್ದುಂಟು. ಆದರೆ ಅರ್ಧ ಕೊಟ್ಟವರಲ್ಲಿ ಕೆಲವರಿಗೆ ಮುಂದೆ ತಮಗೇ ಶುಗರ್ ಬಂತು. ಒಂದು ಮನೆಯಲ್ಲಿ ಒಬ್ಬರಿಗೆ ಇರುವ ಕಾಯಿಲೆ ಇಬ್ಬರಿಗೆ ಮಾಡಿಕೊಳ್ಳುವುದು ಯಾವ ನ್ಯಾಯ?

ಇಡೀ ಗ್ರಂಥಿಯ ಬದಲು ಬೀಟಾ ಕಣಗಳಿರುವ ಪುಟ್ಟ ಗುಂಪುಗಳನ್ನಷ್ಟೇ (ಐಲೆಟ್ ಅಂತಾರೆ) ಲಿವರಿಗೆ ಚುಚ್ಚಿ ಬಿಡುವ ಇನ್ನೊಂದು ದಾರಿ ಇದೆ. 2000ದಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿ ಏಳು ಜನರಿಗೆ ಹಾಗೆ ಮಾಡಿ ಏಳೂ ಜನ ಇನ್ಸುಲಿನ್ ಬಿಟ್ಟರು, ಜಗತ್ತೇ ತಿರುಗಿ ನೋಡಿತು. ಆದರೆ ಅಲ್ಲಿ ಕಸಿಯಾದವರಲ್ಲಿ ಐದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಉಳಿದವರು ಹತ್ತರಲ್ಲಿ ಒಬ್ಬರಷ್ಟೇ. 2025ರಲ್ಲಿ ಪ್ರಯೋಗಾಲಯದಲ್ಲಿ ಸ್ಟೆಮ್ ಸೆಲ್‌ನಿಂದ, ಅಂದರೆ ಬೇರೆ ಬೇರೆ ಕಣವಾಗಿ ಬೆಳೆಯಬಲ್ಲ ಮೂಲ ಕಣದಿಂದ, ಬೆಳೆಸಿದ ಐಲೆಟ್ ಕಣಗಳನ್ನು ಪೂರ್ತಿ ಪ್ರಮಾಣದಲ್ಲಿ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ನಂತರ ಇನ್ಸುಲಿನ್ ಇಲ್ಲದೆ ಇದ್ದರು ಅಂತ ವರದಿ ಬಂದಿದೆ. ನನಗೆ ಇದರ ಮೇಲೆ ಬಹಳ ಭರವಸೆ ಇದೆ. ಆದರೆ ಅವರೂ ಅದೇ ಮಾತ್ರೆ ತೊಗೋಬೇಕು, ಇನ್ನೂ ಪ್ರಯೋಗದ ಹಂತ. ಇದೇ ಹೆಸರು ಹೇಳಿಕೊಂಡು ಎರಡು ಲಕ್ಷಕ್ಕೆ ಸ್ಟೆಮ್ ಸೆಲ್ ಹಾಕಿ ಶುಗರ್ ವಾಸಿ ಮಾಡುತ್ತೇವೆ ಅಂತ ಫೋನ್ ಮಾಡುವವರನ್ನು ಮನೆ ಹತ್ತಿರ ಸೇರಿಸಬೇಡಿ. ಯಾರು ಏನೇ ಪುಡಿ ಕೊಟ್ಟರೂ ಇನ್ಸುಲಿನ್ ನಿಲ್ಲಿಸಬೇಡಿ. ಟೈಪ್ 1ರಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ ರಕ್ತ ಹುಳಿಯೇರಿ ಜೀವ ಹೋಗುತ್ತದೆ.

ಕಸಿಯ ನಂತರದ ದಿನಚರಿ ಹೇಗಿರುತ್ತದೆ ಅಂತ ಒಂದು ಸಣ್ಣ ಚಿತ್ರ ಕೊಡುತ್ತೇನೆ. ಟ್ಯಾಕ್ರೋಲಿಮಸ್ ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ನುಂಗುವ ಮುಂಚೆಯೇ ರಕ್ತ ಕೊಡಬೇಕು. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಬರುವವನು ಮಾತ್ರೆಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ಮೊದಲ ಬಸ್ಸು ಹತ್ತಬೇಕು, ಲ್ಯಾಬಿನಲ್ಲಿ ರಕ್ತ ಕೊಟ್ಟು ಅಲ್ಲೇ ಮಾತ್ರೆ ನುಂಗಿ, ಆಮೇಲೆ ಉಪ್ಪಿಟ್ಟು ಚಹಾ. ಅಭ್ಯಾಸಬಲದಿಂದ ಮನೆಯಲ್ಲೇ ನುಂಗಿ ಬಂದರೆ ವರದಿ ಸುಳ್ಳು ಹೇಳುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ರಿಜೆಕ್ಷನ್ನಿಗೆ ನಾವೇ ಬಾಗಿಲು ತೆಗೆದ ಹಾಗೆ. ಚಕ್ಕೋತ ಹಣ್ಣು ತಿನ್ನಬಾರದು, ಮಾತ್ರೆಯ ಮಟ್ಟ ಏರಿಸುತ್ತದೆ. ಊರಿನ ಮೆಡಿಕಲ್ ಶಾಪಿನಲ್ಲಿ ಕೆಮ್ಮಿಗೆ ಜ್ವರಕ್ಕೆ ಅಂತ ಕೇಳಿ ಮಾತ್ರೆ ತೊಗೊಳ್ಳುವುದು ಪೂರ್ತಿ ಬಂದ್, ಕೆಲವು ಆಂಟಿಬಯೋಟಿಕ್, ಟಿಬಿ ಮಾತ್ರೆಗಳು ಟ್ಯಾಕ್ರೋಲಿಮಸ್ಸನ್ನು ಮೇಲೆ ಕೆಳಗೆ ಮಾಡಿಬಿಡುತ್ತವೆ. ನಮ್ಮಲ್ಲಿ ಕಸಿಯಾದವರಿಗೆ ಟಿಬಿ ಭಯ ಜಾಸ್ತಿ. ಎರಡು ದಿನಕ್ಕಿಂತ ಹೆಚ್ಚು ಜ್ವರ ಅಂದರೆ ಕಾಯದೆ ಕಸಿ ಮಾಡಿದ ಡಾಕ್ಟರಿಗೆ ಫೋನ್.

ಅವನ ಕೆಲಸದ ವಿಷಯವನ್ನೂ ಹೇಳಬೇಕು. ಲೆಕ್ಕ ಬರೆಯುವುದಕ್ಕೆ ಅಡ್ಡಿಯಿಲ್ಲ, ಕೆಲವು ತಿಂಗಳಲ್ಲಿ ಮರಳಬಹುದು. ಆದರೆ ಸೀಸನ್ನಿನಲ್ಲಿ ಚೀಲ ಬಿಚ್ಚಿ ಸುರಿಯುವ ಜಾಗ, ಧೂಳು ತುಂಬಿದ ಗೋದಾಮು ಅವನಿಗೆ ಬೇಡ. ಬೂಷ್ಟು ಹಿಡಿದ ಮಾಲಿನ ಧೂಳಿನಲ್ಲಿ ಶಿಲೀಂಧ್ರ ಇರುತ್ತದೆ, ರೋಗನಿರೋಧಕ ಶಕ್ತಿ ತಗ್ಗಿದವರ ಪುಪ್ಪುಸಕ್ಕೆ ಅದು ಕಂಟಕ. ಮಾಲೀಕರ ಹತ್ತಿರ ನೀವೇ ಹೋಗಿ ಮಾತಾಡಿ, ಕುರ್ಚಿ ಒಳಗಡೆ ಹಾಕಿಸಿ.

ಖರ್ಚು ಲಕ್ಷಗಳ ಲೆಕ್ಕ, ಆಮೇಲೆ ಪ್ರತಿ ತಿಂಗಳು ಮಾತ್ರೆಗೆ ಸಾವಿರಗಳು. ಮೊದಲ ಬಿಲ್ಲಿಗೆ ಹೊಲ ಮಾರಿ, ಮೂರನೇ ವರ್ಷ ಮಾತ್ರೆಗೆ ದುಡ್ಡಿಲ್ಲದೆ ನಿಲ್ಲಿಸಿದರೆ ಎರಡೂ ಅಂಗ ಹೋಗುತ್ತವೆ. ಸರ್ಕಾರದ ಯಾವ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಅಂತ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ, ಮಾತ್ರೆಯ ದುಡ್ಡನ್ನು ಮೊದಲು ತೆಗೆದಿಟ್ಟು ಆಮೇಲೆ ಆಪರೇಶನ್ನಿನ ಲೆಕ್ಕ ಹಾಕಿ.

ಅಲ್ಲಿಯವರೆಗೆ ಈ ವಾರವೇ ಮಾಡಬೇಕಾದದ್ದು ಇದೆ. ಇನ್ಸುಲಿನ್ ಡೋಸನ್ನು ಶುಗರ್ ಡಾಕ್ಟರಿಗೆ ತೋರಿಸಿ ಇಳಿಸಿಕೊಳ್ಳಿ. ಎಚ್‌ಬಿಎ1ಸಿ ನೋಡಿ ಸಮಾಧಾನ ಪಡಬೇಡಿ, ಡಯಾಲಿಸಿಸ್ಸಿನವರಲ್ಲಿ ರಕ್ತಹೀನತೆ ಇರುವುದರಿಂದ ಅದು ಕಡಿಮೆ ತೋರಿಸುತ್ತದೆ, ಬೆರಳು ಚುಚ್ಚಿ ನೋಡಿದ್ದನ್ನೇ ನಂಬಿ. ತೋಳಿಗೆ ಅಂಟಿಸುವ ಶುಗರ್ ಸೆನ್ಸರ್ ಕೊಳ್ಳಲು ಸಾಧ್ಯವಾದರೆ ಕೊಳ್ಳಿ, ಇಳಿಯುವಾಗ ಅಲಾರಂ ಹೊಡೆಯುತ್ತದೆ. ವಾರಕ್ಕೆ ಎರಡು ಡಯಾಲಿಸಿಸ್ ಸಾಕಾ, ಮೂರು ಬೇಕಾ ಅಂತ ಕಿಡ್ನಿ ಡಾಕ್ಟರನ್ನು ಕೇಳಿ, ಹೆಚ್ಚಿನವರಿಗೆ ಮೂರು ಬೇಕಾಗುತ್ತದೆ. ತೀರಾ ಅಗತ್ಯ ಇಲ್ಲದೆ ರಕ್ತ ಏರಿಸಿಕೊಳ್ಳಬಾರದು, ಬೇರೆಯವರ ರಕ್ತ ಬಂದಷ್ಟೂ ಆಂಟಿಬಾಡಿ ಬೆಳೆದು ಮುಂದೆ ಹೊಂದುವ ದಾನಿ ಸಿಗುವುದು ಕಷ್ಟವಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಈಗಲೇ ಮುಗಿಸಿ.

ನಿಮಗೂ ಒಂದು ಮಾತು. ಒಡಹುಟ್ಟಿದವರಿಗೆ ಟೈಪ್ 1 ಇದ್ದರೆ ನಮಗೂ ಬರುವ ಸಾಧ್ಯತೆ ನೂರಕ್ಕೆ ಸುಮಾರು ಐದು, ವಯಸ್ಸಾದಷ್ಟೂ ಅದು ಕಡಿಮೆಯಾಗುತ್ತದೆ. ಕಿಡ್ನಿ ಕೊಡುವ ಮುಂಚೆ ನಿಮ್ಮ ಶುಗರ್, ಗ್ಲುಕೋಸ್ ಕುಡಿಸಿ ಮಾಡುವ ಪರೀಕ್ಷೆ, ಜಿಎಡಿ ಆಂಟಿಬಾಡಿ, ಬಿಪಿ, ಮೂತ್ರದಲ್ಲಿ ಪ್ರೋಟೀನ್ ಎಲ್ಲ ನೋಡಲೇಬೇಕು. ಬಸಿರಿನಲ್ಲಿ ಶುಗರ್ ಏರಿತ್ತಾ ಅಂತ ಕೇಳುತ್ತಾರೆ, ಮುಚ್ಚಿಡಬೇಡಿ. ಇದರಲ್ಲಿ ಏನಾದರೂ ಕಂಡು ನೀವು ದಾನಿ ಆಗುವಂತಿಲ್ಲ ಅಂದರೆ ತಮ್ಮನಿಗೆ ಮೋಸ ಮಾಡಿದೆ ಅಂತ ಅಂದುಕೊಳ್ಳಬೇಡಿ, ಆಗ ಎರಡೂ ಅಂಗದ ಸರದಿಯೇ ಅವನ ದಾರಿ, ಅದಕ್ಕೇ ಹೆಸರು ಇವತ್ತೇ ಹಚ್ಚಿ ಅಂದೆ. ಪರೀಕ್ಷೆಗಳೆಲ್ಲ ಬಂದ ಮೇಲೆ ಇಬ್ಬರ ವರದಿಯನ್ನೂ ಕಳಿಸಿ, ನೋಡಿ ಹೇಳುತ್ತೇನೆ.